ಮುದುಕಿಯ ಕುತ್ತಿಗೆ ಮೇಲಿನ ನಂಬರು

ಜೂನ್ 2, ಭಾನುವಾರ

ಬಂತು! ಗಾಡಿ ಮನೆಗೆ ಬಂತು! ಓಡಿಕೊಂಡು ಬರಲಿಲ್ಲ, ತಳ್ಳಿಸಿಕೊಂಡು ಬಂತು. ಎರಡು ಚಕ್ರದಲ್ಲೂ ಗಾಳಿಯಿಲ್ಲ, ಮುಂದಿನ ಬ್ರೇಕು ಹಿಡಿದದ್ದು ಬಿಡುವುದಿಲ್ಲ. ತಿರುವಿನಲ್ಲಿ ಒಮ್ಮೆ ಅದು ನನ್ನ ಮೇಲೆ ಬಿತ್ತು, ಇನ್ನೊಮ್ಮೆ ನಾನು ಅದರ ಮೇಲೆ ಬಿದ್ದೆ. ಇಷ್ಟು ಖುಷಿಯಾಗಿ ನಾನು ಯಾವತ್ತೂ ಬಿದ್ದಿರಲಿಲ್ಲ.

ಇಸ್ತ್ರಿ ಅಂಗಡಿಯ ತಾತ ಅದನ್ನು ಹಳೇ ಸೈಕಲ್ಲಿನ ಬೆಲೆಗೆ ಕೊಟ್ಟರು. ಅಂಗಡಿಯ ಹಿಂದೆ ಎಷ್ಟು ವರ್ಷದಿಂದ ನಿಂತಿತ್ತೋ, ಸೀಟಿನ ಮೇಲೆ ಕೋಳಿಯೊಂದು ಸಂಸಾರ ಹೂಡಿತ್ತು. ತಾತ ಕೋಳಿಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು, "ಗಾಡಿ ಹೋದ್ರೆ ನನಗೇನೂ ಇಲ್ಲಮ್ಮ, ಇದಕ್ಕೆ ಸ್ವಲ್ಪ ಬೇಜಾರಾಗತ್ತೆ" ಅಂದರು.

ಅಕ್ಕ ಬಾಗಿಲಲ್ಲೇ ತಡೆದಳು. ಕೈಯಲ್ಲಿ ಯಾರದೋ ಸೋಫಾದ ಗವಸು, ಬಾಯಲ್ಲಿ ಗುಂಡುಸೂಜಿ.

"ಏನೇ ಇದು?"

"ಬೈಕು."

"ಎಲ್ಲಿದೆ ಬೈಕು? ನನಗೆ ಬರೀ ತುಕ್ಕು ಕಾಣ್ತಿದೆ."

ಅಷ್ಟರಲ್ಲಿ ಭಾವ ಬಂದರು. ಅವರದು ಕನ್ನಡಕದ ಅಂಗಡಿ. ಅವರ ಚಪ್ಪಲಿ ಕೂಡ ಗೋಡೆಗೆ ಅಳತೆಪಟ್ಟಿ ಹಿಡಿದು ಬಿಟ್ಟಹಾಗೆ ನೆಟ್ಟಗೆ ನಿಂತಿರುತ್ತದೆ. ಗಾಡಿಯ ಸುತ್ತ ಒಂದು ಸುತ್ತು ಬಂದು, ಕರವಸ್ತ್ರದಿಂದ ಒಂದು ಬೆರಳು ಒರೆಸಿಕೊಂಡರು. ಅವರು ಮುಟ್ಟಿದ್ದೇ ಅಷ್ಟು. ಆಮೇಲೆ ಷರತ್ತು ಹಾಕಿದರು.

"ಹಿಂದಿನ ಕೋಣೆಯಲ್ಲಿ ಇಟ್ಕೋ. ಜುಲೈ ಮುಗಿಯೋದ್ರೊಳಗೆ ಇದು ಸಾರಿಗೆ ಕಚೇರಿಯಲ್ಲಿ ಪಾಸಾಗಿ ರಸ್ತೆ ಮೇಲೆ ಓಡಬೇಕು. ಓಡ್ಲಿಲ್ಲ ಅಂದ್ರೆ ಇದು ಗುಜರಿಗೆ, ನೀನು ನಮ್ಮ ಅಂಗಡಿಗೆ. ಬೆಳಗ್ಗೆಯಿಂದ ಸಂಜೆ ತನಕ ಕೌಂಟರ್ ಹಿಂದೆ ಕೂತಿರಬೇಕು."

ಕೂತಿರಬೇಕು! ಕೂರುವುದಕ್ಕೆ ಆಗುವುದಿಲ್ಲ ಎಂದೇ ಅಲ್ಲವೇ ಶಾಲೆ ಬಿಟ್ಟದ್ದು? ಹೆಡ್‌ಮಾಸ್ಟರು ಕಾರಣ ಕೇಳಿದಾಗ ಹೊಟ್ಟೆನೋವು ಎಂದು ಹೇಳಬಹುದಿತ್ತು. ನಾನು "ಕೂತರೆ ಕಾಲು ತಾನಾಗಿ ಎದ್ದು ಹೋಗುತ್ತೆ ಸಾರ್" ಎಂದೆ. ಅದೇ ನಿಜ.

ಗಾಡಿಗೆ ಮುದುಕಿ ಎಂದು ಹೆಸರಿಟ್ಟಿದ್ದೇನೆ. ಷರತ್ತಿಗೆ ಒಪ್ಪಿದ್ದೇನೆ.

ಜೂನ್ 5, ಬುಧವಾರ

ಮುದುಕಿಯನ್ನು ಪೂರ್ತಿ ಬಿಚ್ಚಿ ಹಾಕಿದೆ. ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಗಾಳಿ ಸೋಸುವ ಡಬ್ಬಿ ತೆರೆದರೆ ಒಳಗೆ ಇಲಿಗೂಡು! ಹಾಸಿಗೆ, ಹೊದಿಕೆ, ಹಿಂದಿನ ಬಾಗಿಲು ಎಲ್ಲ ಇತ್ತು, ಇಲಿ ಮಾತ್ರ ಇರಲಿಲ್ಲ.

ನನ್ನ ಮನಸ್ಸಿನಲ್ಲಿ ಇರುವ ಗಾಡಿ ಹೀಗಿದೆ: ಉದ್ದ ಬಾಲ ಕತ್ತರಿಸಿ ಗಿಡ್ಡ ಮಾಡಬೇಕು. ಹ್ಯಾಂಡಲ್ ತಗ್ಗಿನಲ್ಲಿರಬೇಕು. ಮುಂದೆ ಒಂದೇ ಒಂದು ಗುಂಡು ದೀಪ. ನೋಡಿದವರು ಮೊದಲು "ಅಯ್ಯೋ" ಅನ್ನಬೇಕು, ಆಮೇಲೆ "ಅಬ್ಬಾ" ಅನ್ನಬೇಕು.

ಭಾವ ಬಾಗಿಲಿನಿಂದ ಇಣುಕಿ ನೋಡಿದರು. ನಟ್ಟುಗಳನ್ನೆಲ್ಲ ನಾನು ಒಂದೇ ಬಕೆಟ್ಟಿನಲ್ಲಿ ಸುರಿದಿದ್ದೆ. ಅವರ ಮುಖ ಹಲ್ಲುನೋವು ಬಂದವರ ಹಾಗಾಯಿತು.

"ಇದರಲ್ಲಿ ಯಾವುದು ಎಲ್ಲಿಂದ ಬಂತು ಅಂತ ನಿನಗೆ ಗೊತ್ತಾ?"

"ಗೊತ್ತಿಲ್ಲ ಭಾವ."

ಹೋದರು. ಸ್ವಲ್ಪ ಹೊತ್ತಿಗೆ ಒಂದು ರಾಶಿ ಖಾಲಿ ಕನ್ನಡಕದ ಡಬ್ಬಿಗಳನ್ನು ತಂದು, ಪ್ಯಾಂಟಿನ ಮಡಿಕೆ ಕೆಡದ ಹಾಗೆ ನೆಲದ ಮೇಲೆ ಕೂತು, ನಟ್ಟುಗಳನ್ನು ಅಳತೆಯ ಪ್ರಕಾರ ಬೇರೆ ಮಾಡತೊಡಗಿದರು. "ನಿನಗೆ ಸಹಾಯ ಮಾಡ್ತಿದ್ದೀನಿ ಅಂದ್ಕೋಬೇಡ. ಇದನ್ನ ನೋಡಿ ನನಗೆ ನಿದ್ದೆ ಬರಲ್ಲ, ಅದಕ್ಕೆ" ಅಂದರು.

ಜೂನ್ 8, ಶನಿವಾರ

ಭಾವನಿಗೆ ಬೇರೆ ಕೆಲಸವಿತ್ತು, ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕೂರು ಎಂದರು. ಒಬ್ಬ ಹೆಂಗಸು ದಪ್ಪ ಚೌಕಟ್ಟು ಹಾಕಿಕೊಂಡು ಕನ್ನಡಿ ನೋಡಿ "ಹೇಗೆ ಕಾಣತ್ತೆ?" ಎಂದರು. ಗೂಬೆ ಹಾಗೆ ಕಾಣುತ್ತಿತ್ತು. ಗೂಬೆ ಹಾಗೆ ಎಂದೆ. ಒಳ್ಳೆ ಅರ್ಥದಲ್ಲಿಯೇ ಹೇಳಿದ್ದು, ಗೂಬೆ ಚೆನ್ನಾಗಿಯೇ ಇರುತ್ತದಲ್ಲ.

ಮನೆಗೆ ಕಳಿಸಿದರು.

ಜೂನ್ 14, ಶುಕ್ರವಾರ

ಕಾರ್ಬೊರೇಟರು ಬಿಚ್ಚಿದೆ. ಇಂಜಿನ್ನಿಗೆ ಗಾಳಿ ಮತ್ತು ಪೆಟ್ರೋಲು ಕಲಸಿ ಕೊಡುವುದು ಇದೇ. ಒಳಗಡೆ ಪುಟ್ಟ ಪುಟ್ಟ ಹಿತ್ತಾಳೆಯ ತೂಬುಗಳು, ಒಂದೊಂದರಲ್ಲೂ ಕೂದಲೆಳೆಯಷ್ಟು ತೂತು. ಎಲ್ಲ ಕಟ್ಟಿಕೊಂಡಿತ್ತು. ವಿದ್ಯುತ್ ತಂತಿಯೊಳಗಿನ ಒಂದು ಎಳೆ ತೆಗೆದು, ಒಂದೊಂದನ್ನೇ ಚುಚ್ಚಿ, ಊದಿ, ಬೆಳಕಿಗೆ ಹಿಡಿದು ನೋಡಿದೆ. ಬೆಳಕು ಸೂಜಿಮೊನೆಯ ಹಾಗೆ ಕಂಡಾಗ ಕೂಗಿಕೊಂಡೆ. ಭಾವ ಕಣ್ಣಿಗೆ ಸಿಕ್ಕಿಸಿಕೊಳ್ಳುವ ತಮ್ಮ ಭೂತಗನ್ನಡಿ ಕೊಟ್ಟಿದ್ದರು. ಅದರಲ್ಲಿ ನೋಡಿದರೆ ಆ ತೂತು ಬಾವಿಯಷ್ಟು ದೊಡ್ಡದು!

ಅಕ್ಕ ಬಂದು ಹಣೆ ಮುಟ್ಟಿ ನೋಡಿದಳು. "ಬೆಳಗ್ಗೆಯಿಂದ ಕೂತಲ್ಲೇ ಕೂತಿದ್ದೀಯ. ಜ್ವರ ಏನಾದ್ರೂ ಬಂದಿದ್ಯಾ?"

ಸುಮ್ಮನೆ ಇಲ್ಲದ್ದು ಹೇಳುತ್ತಾಳೆ. ನಾನೆಲ್ಲಿ ಕೂತಿದ್ದೆ, ಕೆಲಸ ಮಾಡುತ್ತಿದ್ದೆ. ಊಟ ತಣ್ಣಗಾಗಿತ್ತು, ಹಾಗೇ ತಿಂದೆ.

ಜೂನ್ 20, ಗುರುವಾರ

ಇವತ್ತಿನ ದಿನವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು.

ಮುದುಕಿಯ ಅಸ್ಥಿಪಂಜರವನ್ನು ಹೊತ್ತುಕೊಂಡು ಕಿಡಿ ಮಾವನ ಶೆಡ್ಡಿಗೆ ಹೋದೆ. ಅವರು ಮಾವನೇನಲ್ಲ, ಹಿಂದಿನ ಬೀದಿಯ ವೆಲ್ಡರು. ಅವರ ಅಂಗಿಯಲ್ಲಿ ಕಿಡಿ ಬಿದ್ದು ಆದ ತೂತು ಎಷ್ಟೆಂದರೆ, ಅದನ್ನು ಅಂಗಿ ಎನ್ನುವುದಕ್ಕಿಂತ ಜರಡಿ ಎನ್ನಬಹುದು.

"ಬಾಲ ಕತ್ತರಿಸ್ಲಾ? ಆಮೇಲೆ ಅಳಬಾರದು."

"ಕತ್ತರಿಸಿ ಮಾವ!"

ಕತ್ತರಿಸಿದರು. ಬಾಗಿಸಿದ ಕೊಳವೆ ಇಟ್ಟು ಬೆಸುಗೆ ಹಾಕಿದರು. ನನಗೂ ಒಂದು ಬೆಸುಗೆ ಹಾಕಲು ಬಿಟ್ಟರು. ನನ್ನದು ಎರೆಹುಳು ವಾಂತಿ ಮಾಡಿಕೊಂಡ ಹಾಗಿತ್ತು, ಆದರೂ ಗಟ್ಟಿಯಾಗಿದೆ. ಆಮೇಲೆ ಅವರು ಊಟಕ್ಕೆ ಹೋದರು. "ತುಕ್ಕು ಇರೋ ಕಡೆ ಗ್ರೈಂಡರ್ ಹೊಡೀತಿರು" ಎಂದು ಹೇಳಿ ಹೋದರು.

ಹೊಡೆದೆ! ಗರ್‌ರ್ ಎಂದು ಕಿಡಿ ಹಾರುತ್ತಿದ್ದರೆ ನಿಲ್ಲಿಸಲು ಮನಸ್ಸೇ ಬರಲಿಲ್ಲ. ತುಕ್ಕು ಹೋಯಿತು, ಹಳೇ ಬಣ್ಣ ಹೋಯಿತು, ಉಬ್ಬು, ತಗ್ಗು, ಗೀರು ಎಲ್ಲ ಹೋಯಿತು. ಹ್ಯಾಂಡಲ್ ಕೂರುವ ಕುತ್ತಿಗೆಯಂತೂ ಕನ್ನಡಿಯಾಯಿತು. ನನ್ನ ಮೂಗು ಅದರಲ್ಲಿ ಕಂಡಿತು. ಮಾವ ಊಟ ಮುಗಿಸಿ ಬಂದು, ಅಲ್ಲಲ್ಲಿ ಬೆರಳು ಆಡಿಸಿ "ಶಭಾಷ್" ಎಂದರು. ಅವರು ಯಾರಿಗೂ ಶಭಾಷ್ ಅನ್ನುವವರಲ್ಲ.

ಜೂನ್ 24, ಸೋಮವಾರ

ಬಣ್ಣ: ಹಳದಿ. ಮೊಟ್ಟೆಯೊಳಗಿನ ಹಳದಿ. ಕೋಳಿಗೆ ಗೌರವ. ನನ್ನ ಕೂದಲಿನಲ್ಲಿಯೂ ಸ್ವಲ್ಪ ಇದೆ.

ಜೂನ್ 30, ಭಾನುವಾರ

ಸ್ಟಾರ್ಟ್ ಆಯಿತು!!

ಕಿಕ್ ಹೊಡೆದೆ, ಹೊಡೆದೆ, ಹೊಡೆದೆ. ನನ್ನ ಕಾಲು ಸೋತಿತು. ಅಕ್ಕ ಹೊಡೆದಳು. ಅವಳ ಚಪ್ಪಲಿ ಹಾರಿ ಪಕ್ಕದ ಮನೆಗೆ ಬಿತ್ತು. ಆಮೇಲೆ ಭಾವ ತೋಳು ಮಡಿಚಿ, "ನೀವು ಸಿಟ್ಟಿನಿಂದ ಹೊಡೀತಿದ್ದೀರಿ, ಅದಕ್ಕೆ ಹೆದರಿಕೆ ಆಗ್ತಿದೆ" ಎಂದು ಹೇಳಿ, ಒಂದೇ ಒಂದು ಸಲ, ಮೆಲ್ಲಗೆ. ಢಗ್! ಢಗ್ ಢಗ್ ಢಗ್ ಢಗ್! ಕಿಟಕಿ ಗಾಜು ನಡುಗಿತು. ಒಲೆಯ ಮೇಲಿನ ಮುಚ್ಚಳ ಕುಣಿಯಿತು. ಅಕ್ಕ ಒಂದು ಕಾಲಿನ ಚಪ್ಪಲಿಯಲ್ಲಿ ಕುಣಿದಳು. ಪಕ್ಕದ ಮನೆಯಾಕೆ ಇನ್ನೊಂದು ಚಪ್ಪಲಿ ಹಿಡಿದುಕೊಂಡು ಜಗಳಕ್ಕೆ ಬಂದರು, ಏನೋ ಕೂಗಿದರು, ಶಬ್ದದಲ್ಲಿ ಯಾರಿಗೂ ಕೇಳಲಿಲ್ಲ. ನಾವು ನಕ್ಕದ್ದು ನೋಡಿ ಅವರೂ ನಕ್ಕುಬಿಟ್ಟರು.

ಭಾವನ ಪ್ಯಾಂಟು ಸೈಲೆನ್ಸರಿಗೆ ತಗುಲಿ ಸುಟ್ಟಿತು. ಇಸ್ತ್ರಿ ಮಡಿಕೆಯ ಮೇಲೆಯೇ. ಅವರು ಅದನ್ನು ನೋಡಿ, "ಇರಲಿ, ಗುರುತು" ಎಂದರು.

ಭಾವ ತಾವೇ ಒಂದು ಬೋಲ್ಟು ಬಿಗಿಸಿದ್ದಾರೆ. ಸೀಟು ಅಕ್ಕ ಹೊಲಿದಿದ್ದಾಳೆ. ಸೋಫಾ ಹೊಲಿಯುವವಳ ಕೈ, ಇಂಥ ಸೀಟು ಅಂಗಡಿಯಲ್ಲಿ ಸಿಗುವುದಿಲ್ಲ.

ಜುಲೈ 3, ಬುಧವಾರ

ನಿಜವನ್ನೇ ಬರೆಯಬೇಕು, ಆದ್ದರಿಂದ ಬರೆಯುತ್ತೇನೆ.

ಭಾವ ಇವತ್ತು ಗಾಡಿಯ ಕಾಗದಪತ್ರ ಹಿಡಿದು ಎಲ್ಲ ಸರಿಯಿದೆಯೇ ಎಂದು ನೋಡುತ್ತಿದ್ದರು. ಇಂಜಿನ್ ನಂಬರು ನೋಡಿದರು, ಸರಿ. "ಚಾಸಿಸ್ ನಂಬರು ಎಲ್ಲಿ?" ಎಂದರು. ಚೌಕಟ್ಟಿನ ಮೇಲೆ ಕಂಪನಿಯವರು ಗುದ್ದಿರುವ ನಂಬರು. ಗಾಡಿಗೆ ಅದೇ ಗುರುತು, ಅದಿಲ್ಲದೆ ಕಚೇರಿಯಲ್ಲಿ ಪಾಸು ಮಾಡುವುದಿಲ್ಲ.

"ಕುತ್ತಿಗೆ ಮೇಲೆ ಇರತ್ತಂತೆ" ಎಂದು ಭಾವ ಬಗ್ಗಿದರು. ಭೂತಗನ್ನಡಿ ಹಾಕಿಕೊಂಡರು. ಬೆರಳಾಡಿಸಿದರು. ನನ್ನ ಕಡೆ ತಿರುಗಿದರು.

ಕನ್ನಡಿಯ ಹಾಗೆ ಮಾಡಿದೆನಲ್ಲ. ಉಬ್ಬು, ತಗ್ಗು, ಗೀರು ಎಲ್ಲ ಹೋಯಿತು ಎಂದು ಬರೆದೆನಲ್ಲ.

ನಂಬರನ್ನೂ ತಿಕ್ಕಿ ಹಾಕಿದ್ದೇನೆ.

ಜುಲೈ 4, ಗುರುವಾರ

ಕಿಡಿ ಮಾವ ಬಂದು ಹಣೆ ಚಚ್ಚಿಕೊಂಡರು. ಆಮೇಲೆ ಚೀಲದಿಂದ ಉಕ್ಕಿನ ಅಂಕಿಗಳ ಕಟ್ಟು ತೆಗೆದರು. ಸೊನ್ನೆಯಿಂದ ಒಂಬತ್ತರವರೆಗೆ. ಲೋಹದ ಮೇಲೆ ಇಟ್ಟು ಸುತ್ತಿಗೆಯಿಂದ ಒಂದು ಏಟು ಕೊಟ್ಟರೆ ಅಂಕಿ ಮೂಡುತ್ತದೆ.

"ಚಹಾ ಆರೋದ್ರೊಳಗೆ ಮುಗಿಯೋ ಕೆಲಸ. ಅದೇ ನಂಬರು ಗುದ್ದಿ, ಮೇಲೆ ಬಣ್ಣ ಹೊಡೆದ್ರೆ ಬ್ರಹ್ಮನಿಗೂ ಗೊತ್ತಾಗಲ್ಲ."

"ಬೇಡ ಮಾವ" ಎಂದೆ.

ಭಾವ ನನ್ನ ಪರ ಮಾತಾಡುತ್ತಾರೆ ಎಂದುಕೊಂಡಿದ್ದೆ. ಗಂಟಲು ಸರಿಮಾಡಿಕೊಂಡು ಅವರು ಹೇಳಿದ್ದು ಇದು: "ಯೋಚನೆ ಮಾಡಿದ್ರೆ... ನಂಬರು ಕಾಗದದಲ್ಲಿದೆ. ಗಾಡಿಯೂ ಅದೇ. ನಾವು ಹೊಸದೇನೂ ಬರೀತಿಲ್ಲ. ಅಳಿಸಿಹೋದದ್ದನ್ನ ತಿದ್ದಿ ಬರೀತಿದ್ದೀವಿ, ಅಷ್ಟೆ."

"ಭಾವ! ಗಿರಾಕಿ ಮರೆತ ಒರೆಸೋ ಬಟ್ಟೆ ಕೊಡೋಕೆ ಬಸ್ ಸ್ಟಾಪ್ ತನಕ ಓಡ್ತೀರಲ್ಲ, ಅದೇ ಭಾವನಾ ನೀವು?"

"ಅದು ಬೇರೆ."

"ಹೇಗೆ ಬೇರೆ?"

"ಆ ಬಟ್ಟೆಗೆ ನಾನು ಬೋಲ್ಟು ಹಾಕಿರ್ಲಿಲ್ಲ!" ಎಂದು ಅವರು ಕೂಗಿಬಿಟ್ಟರು. ಕೂಗಿದ್ದಕ್ಕೆ ಅವರಿಗೇ ಆಶ್ಚರ್ಯವಾಯಿತು. "ನೀನು ಹೋಗಿ ನಿಜ ಹೇಳಿದ್ರೆ ಗಾಡಿ ಕಳ್ಳಮಾಲು ಅಂತಾರೆ. ಇಟ್ಕೋತಾರೆ. ವಾಪಸ್ ಬರಲ್ಲ."

ಅದು ನನಗೂ ಗೊತ್ತು. ಒಂದು ಹಳೇ ಕಬ್ಬಿಣದ ತುಂಡಿನ ಮೇಲೆ ನಾಲ್ಕು ಎಂದು ಗುದ್ದಿ ನೋಡಿದೆ. ತುಂಬಾ ಚೆನ್ನಾಗಿ ಮೂಡಿತು. ಅದನ್ನೇ ನೋಡುತ್ತಾ ನಿಂತೆ.

"ಕಚೇರೀಲಿ ತಪಾಸಣೆ ಮಾಡೋರು 'ಇದು ಕಂಪನಿ ಹೊಡೆದದ್ದಾ' ಅಂತ ಕೇಳಿದ್ರೆ?"

"ಯಾರೂ ಕೇಳಲ್ಲ, ತಾಯೀ!" ಮಾವ ಕೈ ಮುಗಿದರು.

"ಕೇಳಿದ್ರೆ? ಹೌದು ಅನ್ಬೇಕಲ್ಲ. ನನಗೆ ಅನ್ನೋಕೆ ಬರಲ್ಲ ಮಾವ. ಬಾಯಿ ತೆರೆದ್ರೆ ಗೂಬೆ ಅಂತಾನೇ ಬರೋದು."

ಅಕ್ಕ ಬಾಯಲ್ಲಿದ್ದ ಸೂಜಿ ತೆಗೆದು, "ಅದಂತೂ ನಿಜ" ಎಂದಳು.

ಜುಲೈ 11, ಗುರುವಾರ

ನಾನು, ಭಾವ ಇಬ್ಬರೂ ಗಾಡಿಯನ್ನು ಕಚೇರಿಯವರೆಗೆ ತಳ್ಳಿಕೊಂಡು ಹೋದೆವು. ಪಾಸಾಗದ ಗಾಡಿಯನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ. ದಾರಿಯಲ್ಲಿ ಎಲ್ಲರೂ ನೋಡಿದರು. ಎಲ್ಲರೂ "ಅಯ್ಯೋ, ಅಬ್ಬಾ" ಅಂದರು.

ತಪಾಸಣೆಯ ಮೇಡಂ ಪೆನ್ನಿನ ಮುಚ್ಚಳ ಕಚ್ಚುತ್ತಾ ಬಂದರು. ದೀಪ ಹಾಕಿಸಿದರು, ಹಾರನ್ ಹೊಡೆಸಿದರು, ಬ್ರೇಕು ಹಿಡಿಸಿದರು. ಟಾರ್ಚು ಬಿಟ್ಟು ಇಂಜಿನ್ ನಂಬರು ನೋಡಿದರು. ಕುತ್ತಿಗೆಯ ಹತ್ತಿರ ಬಗ್ಗಿದರು. ಅಷ್ಟರಲ್ಲಿ ಆ ಕಡೆ ಲಾರಿಯವನೊಬ್ಬ ಅವರನ್ನು ಕೂಗಿ ಜಗಳ ತೆಗೆದ. ಮೇಡಂ ಅವನಿಗೆ ಎರಡು ಬೈದು, ನೆಟ್ಟಗಾಗಿ, "ಸರಿ ಇರುತ್ತೆ ಬಿಡು, ಚೆನ್ನಾಗಿ ಮಾಡಿದ್ದೀಯ" ಎಂದು ಮುದ್ರೆ ಎತ್ತಿಕೊಂಡರು.

ಮುದ್ರೆ ಕಾಗದದ ಮೇಲೆ ಬರುತ್ತಿತ್ತು. ಸುಮ್ಮನಿರು, ಸುಮ್ಮನಿರು, ಸುಮ್ಮನಿರು ಎಂದು ನನಗೆ ನಾನೇ ಹೇಳಿಕೊಂಡೆ.

"ಮೇಡಂ, ಚಾಸಿಸ್ ನಂಬರು ಇಲ್ಲ."

ಮುದ್ರೆ ಗಾಳಿಯಲ್ಲೇ ನಿಂತಿತು. "ಏನಂದೆ?"

"ಗ್ರೈಂಡರ್ ಹೊಡೀವಾಗ ಹೋಯ್ತು. ಅಲ್ಲಿ ಇತ್ತು ಅಂತ ಗೊತ್ತಿರ್ಲಿಲ್ಲ."

ಮೇಡಂ ಪೆನ್ನಿನ ಮುಚ್ಚಳ ಬಾಯಿಂದ ತೆಗೆದರು. "ನಂಬರು ಅಳಿಸೋದು ಎಷ್ಟು ದೊಡ್ಡ ತಪ್ಪು ಗೊತ್ತಾ? ಕಳ್ಳರು ಮಾಡೋ ಕೆಲಸ ಅದು. ಯಾರು ಅಳಿಸಿದ್ದು?"

"ನಾನು" ಎಂದರು ಭಾವ. ನನ್ನ ಮುಂದೆ ಬಂದು ನಿಂತೇಬಿಟ್ಟಿದ್ದರು. "ನಾನೇ ಅಳಿಸಿದ್ದು. ಇವಳು ಚಿಕ್ಕವಳು, ಇವಳಿಗೇನೂ ಗೊತ್ತಿಲ್ಲ."

"ಸುಳ್ಳು ಮೇಡಂ!" ಎಂದೆ. "ಭಾವನಿಗೆ ಗ್ರೈಂಡರ್ ಹಿಡಿಯೋಕೇ ಬರಲ್ಲ. ಸದ್ದು ಕೇಳಿದ್ರೆ ಕಿವಿಗೆ ಹತ್ತಿ ಇಟ್ಕೋತಾರೆ. ಬೇಕಾದ್ರೆ ಜೇಬು ನೋಡಿ."

ಮೇಡಂ ಭಾವನ ಜೇಬು ನೋಡಿದರು. ಹತ್ತಿ ಅರ್ಧ ಹೊರಗೆ ಕಾಣುತ್ತಿತ್ತು. ಅವರು ತಿರುಗಿ ನಿಂತು, ಬಹಳ ಹೊತ್ತು ಗೋಡೆಯನ್ನು ನೋಡಿದರು. ಹೆಗಲು ಅಲುಗಿದ ಹಾಗಿತ್ತು. ಮತ್ತೆ ಈ ಕಡೆ ತಿರುಗಿದಾಗ ಮುಖ ಕಲ್ಲು.

"ಗಾಡಿ ಇಲ್ಲೇ ಇರಲಿ. ವಿಚಾರಣೆ ಆಗಬೇಕು. ಮಾರಿದವರು ಬಂದು ಹೇಳಿಕೆ ಕೊಡಬೇಕು. ಕೊನೆಗೆ ಏನಾಗತ್ತೋ ನಾನು ಹೇಳಕ್ಕಾಗಲ್ಲ."

ವಾಪಸ್ ಬರುವಾಗ ತಳ್ಳಲು ಏನೂ ಇರಲಿಲ್ಲ. ಕೈ ಎಲ್ಲಿಡುವುದು ಎಂದೇ ತಿಳಿಯಲಿಲ್ಲ. ಅರ್ಧ ದಾರಿಗೆ ಬಂದ ಮೇಲೆ ಭಾವ, "ಹತ್ತಿ ವಿಷಯ ಹೇಳ್ಬೇಕಿತ್ತಾ?" ಎಂದರು. ಆಮೇಲೆ ಇಬ್ಬರಿಗೂ ನಗು ತಡೆಯಲಾಗದೆ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆವು.

ಜುಲೈ 19, ಶುಕ್ರವಾರ

ಇಸ್ತ್ರಿ ತಾತ ಹೇಳಿಕೆ ಕೊಟ್ಟರು. "ಗಾಡಿ ನಂದೇ ಸ್ವಾಮಿ, ಬೇಕಾದ್ರೆ ನಮ್ಮ ಕೋಳೀನ ಕೇಳಿ" ಎಂದರಂತೆ. ಅದನ್ನು ಬರೆದುಕೊಳ್ಳಲಿಲ್ಲವಂತೆ.

ನಾನು ದಿನಾ ಬಟ್ಟೆ ತೆಗೆದುಕೊಂಡು ಕಚೇರಿಯ ಹಿತ್ತಲಿಗೆ ಹೋಗಿ ಮುದುಕಿಯ ಧೂಳು ಒರೆಸಿ ಬರುತ್ತೇನೆ. ಅಕ್ಕಪಕ್ಕದಲ್ಲಿ ನಿಂತಿರುವ ಗಾಡಿಗಳದ್ದೂ ಒರೆಸುತ್ತೇನೆ, ಪಾಪ. ಕಾವಲುಗಾರ "ನಿನಗೆ ಬೇರೆ ಕೆಲಸ ಇಲ್ವಾ?" ಎಂದ. "ಇದ್ದ ಕೆಲಸಾನೂ ನೀವೇ ಇಟ್ಕೊಂಡಿದ್ದೀರಲ್ಲ" ಎಂದೆ.

ಆಗಸ್ಟ್ 1, ಗುರುವಾರ

ಜುಲೈ ಮುಗಿಯಿತು. ಗಾಡಿ ಬರಲಿಲ್ಲ. ತಲೆ ಬಾಚಿಕೊಂಡು ಅಂಗಡಿಗೆ ಹೊರಟೆ.

"ಎಲ್ಲಿಗೆ?" ಎಂದರು ಭಾವ.

"ಸೋತೆನಲ್ಲ. ಕೂರೋಕೆ."

"ಅದನ್ನ ಬಿಡು, ಈಗ ಯಾರು ಕೇಳಿದ್ರು?"

"ಷರತ್ತು ಹಾಕಿದ್ದು ನೀವೇ."

"ಹಾಕಿದೋನೇ ಬೇಡ ಅಂತಿದ್ದೀನಿ!"

"ಒಪ್ಪಿದೋಳು ನಾನು. ಗಾಡೀನ ಗುಜರಿಗೂ ಕೊಡಬೇಕು."

ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ, "ಗಾಡಿ ಕಚೇರಿ ಹಿತ್ತಲಲ್ಲಿದೆ. ಗುಜರಿಯೋನು ಅಲ್ಲಿಗೆ ಹೋಗಿ ಏಣಿ ಹಾಕಿ ಹತ್ತಬೇಕಾ? ಹೋಗ್ರೋ ಇಬ್ರೂ, ನನ್ನ ತಲೆ ತಿನ್ಬೇಡಿ" ಎಂದಳು.

ಅಂಗಡಿಯಲ್ಲಿ ಇಡೀ ದಿನ ಕೂತು ಸತ್ತೆ. ಒಬ್ಬರ ಕನ್ನಡಕದ ಕೀಲು ಸಡಿಲವಾಗಿತ್ತು. ಅದರ ತಿರುಪು ಕಾರ್ಬೊರೇಟರಿನದಕ್ಕಿಂತ ಚಿಕ್ಕದು! ಬಿಚ್ಚಿ, ಎಳೆ ಸವೆದದ್ದು ನೋಡಿ, ಭಾವನ ಡಬ್ಬಿಯಿಂದ ಬೇರೆ ಹುಡುಕಿ ಹಾಕಿದೆ. ಆಮೇಲೆ ಇನ್ನೊಂದು ಬಂತು, ಮೂಗಿನ ಹತ್ತಿರ ಮುರಿದದ್ದು. ಅದಕ್ಕೆ ಬೆಸುಗೆ ಹೇಗೆ ಹಾಕಬಹುದು ಎಂದು ಯೋಚಿಸುತ್ತಿದ್ದೆ, ತಲೆಯೆತ್ತಿ ನೋಡಿದರೆ ಭಾವ ಬಾಗಿಲು ಎಳೆಯುತ್ತಿದ್ದಾರೆ. "ಮನೆಗೆ ಬರ್ತೀಯೋ, ಇಲ್ಲೇ ಮಲಗ್ತೀಯೋ?" ಎಂದರು. ಮಧ್ಯಾಹ್ನದ ಡಬ್ಬಿ ಹಾಗೇ ಇತ್ತು.

ಈ ಶಿಕ್ಷೆ ನನ್ನಿಂದ ಆಗುವುದಿಲ್ಲ.

ಆಗಸ್ಟ್ 6, ಮಂಗಳವಾರ

ಮೇಡಂ ಕರೆಸಿದ್ದರು! ಕುತ್ತಿಗೆಯ ಬಣ್ಣ ನನ್ನ ಕೈಯಿಂದಲೇ ತೆಗೆಸಿದರು. ಅಂಕಿ ಗುದ್ದುವಾಗ ಕೆಳಗಿನ ಲೋಹವೂ ಏಟು ತಿಂದಿರುತ್ತದಂತೆ. ಮೇಲೆ ಎಷ್ಟು ತಿಕ್ಕಿದರೂ ಕೆಲವು ಸಲ ಆ ಏಟಿನ ನೆನಪು ಒಳಗೆ ಉಳಿಯುತ್ತದಂತೆ. ಪರೀಕ್ಷೆ ಮಾಡುವವರು ಕೈಗವಸು ಹಾಕಿಕೊಂಡು ಯಾವುದೋ ದ್ರಾವಣ ಸವರಿದರು. ಒರೆಸಿದರು. ಸವರಿದರು. ಏನೂ ಇಲ್ಲ. ಭಾವ ಕಣ್ಣು ಮುಚ್ಚಿಕೊಂಡಿದ್ದರು. ಮತ್ತೆ ಸವರಿದರು.

ಒದ್ದೆ ಸ್ಲೇಟು ಆರುವಾಗ ಅಳಿಸಿದ ಅಕ್ಷರ ಕಾಣುತ್ತದಲ್ಲ, ಹಾಗೆ ಮಂಜು ಮಂಜಾಗಿ ಮೇಲೆದ್ದವು, ಒಂದು ಏಳು, ಒಂದು ಎರಡು, ಅರ್ಧ ಒಂಬತ್ತು! ನಾನು ಕಿರುಚಿದ್ದಕ್ಕೆ ಅವರ ಕೈಯಿಂದ ಹತ್ತಿ ಬಿತ್ತು. ಮೇಡಂ ಒಂದೊಂದನ್ನೇ ಕಾಗದದ ಜೊತೆ ಹೋಲಿಸಿದರು. ಕಂಡದ್ದೆಲ್ಲ ಸರಿ.

"ಗಾಡಿ ಇದೇ" ಎಂದರು. "ಅವತ್ತು ನೀನು ಬಾಯಿ ಮುಚ್ಚಿಕೊಂಡಿದ್ರೆ ನಾನು ಮುದ್ರೆ ಒತ್ತಿ ಬಿಡ್ತಿದ್ದೆ."

"ಗೊತ್ತು ಮೇಡಂ. ಈಗಲೂ ಹೊಟ್ಟೆ ಉರೀತಿದೆ."

ಆಗಸ್ಟ್ 9, ಶುಕ್ರವಾರ

ಕಚೇರಿಯವರೇ ಅಂಕಿ ಗುದ್ದಿದರು. ಒಂಬತ್ತನ್ನು ಸೊಟ್ಟಗೆ ಗುದ್ದಿದರು! ನನ್ನ ಕನ್ನಡಿಯ ಮೇಲೆ! ಭಾವ ನನ್ನ ಬಾಯಿಗೆ ಕೈ ಅಡ್ಡ ಇಟ್ಟರು. ಮೇಡಂ ಮುದ್ರೆ ಒತ್ತಿದರು. ಆ ಸದ್ದನ್ನು ಬರೆಯಲು ಅಕ್ಷರವಿಲ್ಲ.

ನಾನು ಗಾಡಿಯಲ್ಲಿ ಹೊರಟೆ, ಭಾವ ಬಸ್ಸಿಗೆ ಹೋದರು. ರಸ್ತೆ! ಗಾಳಿ! ಹೆಲ್ಮೆಟ್ಟಿನೊಳಗೆ ನಾನು ಏನೇನೋ ಹಾಡುತ್ತಿದ್ದೆ, ಅದಕ್ಕೆ ರಾಗವೂ ಇರಲಿಲ್ಲ ಮಾತೂ ಇರಲಿಲ್ಲ. ಕೆಂಪು ದೀಪದಲ್ಲಿ ಪಕ್ಕಕ್ಕೆ ಒಬ್ಬ ಹಿರಿಯರು ಸ್ಕೂಟರು ನಿಲ್ಲಿಸಿ, ಮುದುಕಿಯನ್ನು ಮೇಲಿಂದ ಕೆಳಗೆ ನೋಡಿದರು.

"ಯಾವ ಕಂಪನೀದಮ್ಮಾ ಇದು?"

ಏನೆಂದು ಹೇಳುವುದು? ನಿಜ ಹೇಳಬೇಕಲ್ಲ. "ಚೌಕಟ್ಟು ಇಸ್ತ್ರಿ ತಾತಂದು. ಬಾಲ ಕಿಡಿ ಮಾವಂದು, ಅದರಲ್ಲಿ ಕೆಟ್ಟ ಬೆಸುಗೆ ಮಾತ್ರ ನಂದು. ಸೀಟು ಅಕ್ಕಂದು. ದೀಪ ಯಾವುದೋ ಟ್ರ್ಯಾಕ್ಟರಿಂದು. ನಂಬರು ಕಂಪನೀದು, ನಾನು ಅಳಿಸಿದೆ, ಈಗ ಕಚೇರಿಯವರದು, ಒಂಬತ್ತು ಸೊಟ್ಟಗಿದೆ..." ಹಸಿರು ದೀಪ ಬಂತು. ಹಿಂದಿನವರೆಲ್ಲ ಹಾರನ್ ಹೊಡೆದರು. ಹಿರಿಯರು "ಅಯ್ಯೋ, ಪಕ್ಕಕ್ಕೆ ಬಾ, ಪೂರ್ತಿ ಹೇಳು" ಎಂದು ಸ್ಕೂಟರನ್ನು ಬದಿಗೆ ತಳ್ಳಿದರು. ನಾನೂ ತಳ್ಳಿಕೊಂಡು ಹೋಗಿ, ಇಂಜಿನ್ನಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಮೊದಲಿನಿಂದ ಶುರು ಮಾಡಿದೆ.

ಆಗ ಬಸ್ಸು ಬಂತು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಒಬ್ಬರು ಕೂಗುತ್ತಿದ್ದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಕಾಲರು ತಿರುಗಿಕೊಂಡಿತ್ತು. ಹಿಂದೆ ಕೂತವರು ಬೀಳದ ಹಾಗೆ ಅವರ ಅಂಗಿ ಹಿಡಿದುಕೊಂಡಿದ್ದರು.

"ಹಿಂದಿನ ಚಕ್ರದ ಬೋಲ್ಟು!" ಭಾವ ಇಡೀ ರಸ್ತೆಗೆ ಕೇಳುವ ಹಾಗೆ ಕೂಗಿದರು. "ಅದನ್ನೂ ಹೇಳೇ! ಹಿಂದಿನ ಚಕ್ರದ ಬೋಲ್ಟು ಬಿಗಿಸಿದ್ದು ನಾನು!"